ಕಡ್ಡಿಯ ವಯಸ್ಸು

ಫೈನಲ್ ಶುರುವಾಗಲು ನಲವತ್ತು ನಿಮಿಷ ಇರುವಾಗ ಕಡ್ಡಿಯನ್ನು ವಿಚಾರಣೆಗೆ ಕರೆದರು.

ಕ್ರೀಡಾಂಗಣದ ಹಿಂದಿನ ಕೋಣೆ. ಒಂದು ಮೇಜು, ಮೂರು ಕುರ್ಚಿ, ಮೂಲೆಯಲ್ಲಿ ಗಾಳಿ ಹೋದ ಬ್ಯಾಸ್ಕೆಟ್‌ಬಾಲ್‌ಗಳ ರಾಶಿ. ಮೇಜಿನ ಆ ಬದಿಗೆ ಪಂದ್ಯಾವಳಿಯ ಕಾರ್ಯದರ್ಶಿ, ಪಕ್ಕದಲ್ಲಿ ಎದುರು ತಂಡದ ಮ್ಯಾನೇಜರ್. ಈ ಬದಿಗೆ ಕಡ್ಡಿಯ ತರಬೇತುದಾರರು. ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ಟೀಚರ್ ಎಂದೇ. ನಿವೃತ್ತರಾದರೂ ಕೊರಳಿನ ಸೀಟಿ ನಿವೃತ್ತವಾಗಿರಲಿಲ್ಲ. ಸಣಕಲು ಮೈಯಿಂದಾಗಿ ಆ ಅಡ್ಡಹೆಸರು ಅಂಟಿಸಿಕೊಂಡಿದ್ದ ಕಡ್ಡಿ ಅವರ ಕುರ್ಚಿಯ ಹಿಂದೆ ತಲೆ ತಗ್ಗಿಸಿ ನಿಂತಿದ್ದಳು.

"ನಿನ್ನೆ ಸೆಮಿಫೈನಲ್ ನೋಡಿದೆ," ಎಂದ ಮ್ಯಾನೇಜರ್. "ಆಕೆ ಒಬ್ಬಳದೇ ಇಪ್ಪತ್ತೆರಡು ಪಾಯಿಂಟು. ಕೊನೇವರೆಗೂ ಏದುಸಿರು ಇಲ್ಲ. ಈ ವಯಸ್ಸಿನವರು ಹಾಗೆ ಓಡಲ್ಲ. ಫಾರಂನಲ್ಲಿ ವಯಸ್ಸು ಸುಳ್ಳು."

"ಕಲಿಸಿದರೆ ಓಡ್ತಾರೆ," ಎಂದರು ಟೀಚರ್. "ನಿಮ್ಮ ಕಡೆ ಕಲಿಸಿಲ್ಲ, ಅಷ್ಟೇ."

ಅದು ಬರಿಯ ಜಂಬವಾಗಿರಲಿಲ್ಲ. ಮೂರು ತಿಂಗಳ ಹಿಂದೆ ಕಡ್ಡಿಗೆ ಎಡಗೈ ಇದ್ದೂ ಇಲ್ಲದ ಹಾಗಿತ್ತು. ಟೀಚರ್ ಅವಳ ಬಲಗೈಯನ್ನು ಟವೆಲಿನಿಂದ ಸೊಂಟಕ್ಕೆ ಕಟ್ಟಿ, ದಿನಕ್ಕೆ ಇನ್ನೂರು ಸಲ ಎಡಗೈಯಲ್ಲೇ ಚೆಂಡು ಪುಟಿಸಲು ಹೇಳಿದರು. "ಚೆಂಡನ್ನ ನೋಡ್ಬೇಡ. ಅದು ನಿನ್ನ ಬಿಟ್ಟು ಎಲ್ಲಿಗೂ ಹೋಗಲ್ಲ. ಎದುರಿಗಿರೋರ ಸೊಂಟ ನೋಡು. ಕಣ್ಣು ಸುಳ್ಳು ಹೇಳುತ್ತೆ, ಸೊಂಟ ಹೇಳಲ್ಲ." ಮೊದಲ ವಾರ ಚೆಂಡು ಅವಳ ಮೂಗಿಗೇ ಬಡಿಯಿತು. ಎರಡನೇ ತಿಂಗಳಿಗೆ ಅವಳು ಎಡಕ್ಕೆ ನುಗ್ಗಿದರೆ ತಡೆಯುವವರು ಬಲಕ್ಕೆ ಬೀಳುತ್ತಿದ್ದರು. ಟೀಚರ್ ಬಾಯಲ್ಲಿ ಹೊಗಳಿಕೆ ಬರುವುದು ಅಪರೂಪ. ಅವತ್ತು ಮಾತ್ರ, "ಪರವಾಗಿಲ್ಲ ಕಣೇ," ಎಂದಿದ್ದರು. ಕಡ್ಡಿ ಆ ಎರಡು ಮಾತನ್ನು ವಾರವಿಡೀ ಮೆಲುಕು ಹಾಕಿದ್ದಳು.

ಕಾರ್ಯದರ್ಶಿ ಜನನ ಪತ್ರದ ಜೆರಾಕ್ಸ್ ಪ್ರತಿಯನ್ನು ಬೆಳಕಿಗೆ ಹಿಡಿದ. ಇಸವಿಯ ಕೊನೆಯ ಅಂಕಿ ಉಳಿದವಕ್ಕಿಂತ ದಪ್ಪವಾಗಿತ್ತು.

"ಮೂಲ ಪ್ರತಿ ಎಲ್ಲಿ?"

"ಮನೇಲಿ, ಬೀರುವಿನಲ್ಲಿದೆ," ಎಂದಳು ಕಡ್ಡಿ. "ಬೀಗದ ಕೈ ನನ್ನ ಹತ್ರ ಇಲ್ಲ."

"ತರಿಸಿ."

ಅವಳು ಉತ್ತರಿಸುವ ಮೊದಲೇ ಚೀಲದಲ್ಲಿ ಫೋನ್ ಬಡಿದುಕೊಂಡಿತು. ಆ ಕಡೆಯ ಹೆಣ್ಣು ದನಿ ಕೋಣೆಗೆಲ್ಲ ಕೇಳುವಷ್ಟು ಜೋರಾಗಿತ್ತು. "ಎಲ್ಲಿದ್ದೀಯ? ಹೇಳದೆ ಕೇಳದೆ ಹೊರಗೆ ಹೋಗ್ಬೇಡ ಅಂತ ಎಷ್ಟು ಸಲ ಹೇಳಿಲ್ಲ? ಬಿಸಿಲಲ್ಲಿ ಎಲ್ಲಾದರೂ ಬಿದ್ದು ಕೈಕಾಲು ಮುರ್ಕೊಂಡ್ರೆ ನೋಡಿಕೊಳ್ಳೋರು ಯಾರು?"

"ಗೆಳತಿ ಮನೇಲಿದ್ದೀನಿ. ಊಟದ ಹೊತ್ತಿಗೆ ಬರ್ತೀನಿ," ಎಂದು ಪಿಸುಗುಟ್ಟಿ ಕಡ್ಡಿ ಫೋನ್ ಇಟ್ಟಳು.

ಮ್ಯಾನೇಜರ್ ನಕ್ಕ. "ಮನೆಯವರಿಗೂ ಸುಳ್ಳೇ."

ಕಿಟಕಿಯಾಚೆ ಮೆಟ್ಟಿಲ ಮೇಲೆ ತಂಡದ ಉಳಿದ ನಾಲ್ವರು ಕೂತಿದ್ದರು. ಒಬ್ಬಳು ಮೊಣಕಾಲಿಗೆ ಪಟ್ಟಿ ಬಿಗಿಯುತ್ತಿದ್ದಳು. ಇನ್ನೊಬ್ಬಳು ಕನ್ನಡಕವನ್ನು ದಾರದಿಂದ ತಲೆಯ ಹಿಂದಕ್ಕೆ ಕಟ್ಟಿಕೊಳ್ಳುತ್ತಿದ್ದಳು. ಆರನೆಯವಳು ಇರಲಿಲ್ಲ. ಕಡ್ಡಿ ಹೊರಬಿದ್ದರೆ ತಂಡ ಅಂಗಳಕ್ಕೆ ಇಳಿಯುವಂತೆಯೇ ಇಲ್ಲ, ಕಪ್ಪು ಕೂತಲ್ಲೇ ಎದುರಿನವರ ಪಾಲು.

ಕಾರ್ಯದರ್ಶಿ ಗಡಿಯಾರ ನೋಡಿದ. ಅವನೇನೂ ಕೆಟ್ಟವನಲ್ಲ. ದೂರು ಬಂದಮೇಲೆ ಕಣ್ಣು ಮುಚ್ಚಿ ಕೂರುವಂತಿರಲಿಲ್ಲ.

"ಟೀಚರ್, ಇವರು ನಿಮಗೆ ಎಷ್ಟು ದಿನದಿಂದ ಪರಿಚಯ?"

"ಎಂಟನೇ ಕ್ಲಾಸಿಂದ. ಶಾಲಾ ತಂಡಕ್ಕೆ ಸೇರಿಸಿಕೊಂಡಾಗ ಫಾರಂ ತುಂಬಿದವಳೇ ನಾನು."

"ಹಾಗಾದರೆ ಹುಟ್ಟಿದ ಇಸವಿ ನಿಮಗೆ ಗೊತ್ತು. ನಿಮ್ಮ ಮಾತು ಸಾಕು ನನಗೆ. ಪತ್ರದಲ್ಲಿ ಇರೋದು ಸರಿನಾ?"

ಟೀಚರ್ ಪತ್ರವನ್ನು ಕಣ್ಣಿನ ಹತ್ತಿರ ತಂದುಕೊಂಡರು. ಈ ಸಲ ಅರ್ಜಿಗಳಿಗೆ ಓದದೆಯೇ ಸಹಿ ಹಾಕಿದ್ದರು. ತಮ್ಮ ಹುಡುಗಿಯರ ಮೇಲೆ ಅಷ್ಟು ನಂಬಿಕೆ. ಈಗ ಓದಿದರು. ಆ ದಪ್ಪ ಅಂಕಿಯ ಮೇಲೆ ಅವರ ಬೆರಳು ನಿಂತಿತು.

"ಯಾಕೆ ಹೀಗ್ಮಾಡ್ದೆ?" ತಿರುಗದೆಯೇ, ಹಿಂದಿದ್ದವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಕೇಳಿದರು.

"ಐದನೆಯವಳು ಸಿಕ್ಕಿರಲಿಲ್ಲ, ಟೀಚರ್. ನಾನೂ ಆಗಲ್ಲ ಅಂದಿದ್ರೆ ತಂಡವೇ ಇರ್ತಿರಲಿಲ್ಲ." ಕಡ್ಡಿ ಅವರ ಕಿವಿಗೆ ಬಾಗಿ ಪಿಸುಗುಟ್ಟುತ್ತಿದ್ದಳು. "ನನಗೂ ಆಡಬೇಕು ಅನ್ನಿಸ್ತು. ಮನೇಲಿ ಯಾರೂ ಏನನ್ನೂ ಮಾಡೋಕೆ ಬಿಡಲ್ಲ."

ಟೀಚರ್ ಒಂದು ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಮ್ಯಾನೇಜರ್ ಬಾಯಿ ಮುಚ್ಚುತ್ತಿತ್ತು, ಆಟ ನಡೆಯುತ್ತಿತ್ತು, ಬಹುಶಃ ಕಪ್ಪೂ ಬರುತ್ತಿತ್ತು. ತಮ್ಮ ಬೆರಳು ತಾಗಿ ಚೆಂಡು ಗೆರೆ ದಾಟಿದರೆ ರೆಫರಿ ನೋಡದಿದ್ದರೂ ಕೈ ಎತ್ತಬೇಕೆಂದು ಕಲಿಸಿದವರು ಟೀಚರ್. ಆ ಪಾಠ ಇಷ್ಟು ದುಬಾರಿಯಾದೀತೆಂದು ಅವರೂ ಎಣಿಸಿರಲಿಲ್ಲ.

"ಸರಿಯಿಲ್ಲ," ಎಂದರು. ನಿಜವಾದ ಇಸವಿಯನ್ನೂ ಹೇಳಿದರು.

ಕಡ್ಡಿ ನಿಂತಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಟೀಚರ್ ಹಿಂದಕ್ಕೆ ಕೈ ಚಾಚಿ ಅವಳ ಮುಂಗೈ ಹಿಡಿದುಕೊಂಡರು. ಮ್ಯಾನೇಜರ್ ಗೆದ್ದ ಮುಖ ಹೊತ್ತು ಎದ್ದು ನಿಂತ. ಕಾರ್ಯದರ್ಶಿ ಬೆರಳೆಣಿಸಿ ಲೆಕ್ಕ ಹಾಕಿ, ನಿಟ್ಟುಸಿರು ಬಿಟ್ಟು, ಅರ್ಜಿಯ ಮೇಲೆ ಕೆಂಪು ಗೆರೆ ಎಳೆದ.

"ಕ್ಷಮಿಸಿ, ಅಮ್ಮ. ಅರವತ್ತೈದು ತುಂಬೋಕೆ ನಿಮಗೆ ಇನ್ನೂ ಎಂಟು ತಿಂಗಳಿದೆ. ಇಷ್ಟು ಚಿಕ್ಕವರನ್ನ ಆಡಿಸಿದರೆ ಉಳಿದ ಅಜ್ಜಿಯರಿಗೆ ಅನ್ಯಾಯ ಆಗುತ್ತೆ."