ಕೊಳೆಯಾಗದ ಅಂಗಿ

"ಕಥೇಲಿ ಹುಡುಗನ ಅಂಗಿ ಪೂರ್ತಿ ಕೆಸರು. ಕವಿತೇಲಿ ಒಂದು ಕಲೆನೂ ಇಲ್ಲ. ಅಷ್ಟೇ ಅಮ್ಮ ವ್ಯತ್ಯಾಸ," ಎಂದಳು ಮೈತ್ರಿ, ಏಳನೇ ತರಗತಿಯ ಇಂಗ್ಲಿಷ್ ಪುಸ್ತಕದಿಂದ ತಲೆಯೆತ್ತಿ.

ವಾಣಿ ಹೀರೇಕಾಯಿ ಹೆರೆಯುತ್ತ ಕೇಳಿಸಿಕೊಳ್ಳುತ್ತಿದ್ದಳು. ಕಥೆ, ಕವಿತೆ ಎರಡೂ ಬೇಸ್‌ಬಾಲ್ ಆಟದ್ದು. ಭದ್ರಾವತಿಯಲ್ಲಿ ಆ ಆಟವನ್ನು ತಾಯಿಯೂ ನೋಡಿರಲಿಲ್ಲ, ಮಗಳೂ ನೋಡಿರಲಿಲ್ಲ. ಚಿತ್ರದಲ್ಲಿದ್ದ ಬ್ಯಾಟನ್ನು ಕಂಡು, ಒನಕೆ ಮುರಿದು ಮಾಡಿದ ಹಾಗಿದೆ ಎಂದು ವಾಣಿ ನಕ್ಕಿದ್ದಳು. ಎರಡರಲ್ಲೂ ಒಬ್ಬ ಬದಲಿ ಆಟಗಾರ. ಕಥೆಯವನನ್ನು ಕೊನೇ ಗಳಿಗೆಯಲ್ಲಿ ಕರೆಯುತ್ತಾರೆ. ಅವನು ಚೆಂಡು ಬಾರಿಸಿ, ಓಡಿ, ಕೆಸರಲ್ಲಿ ಜಾರಿ ಗೆಲ್ಲಿಸುತ್ತಾನೆ. ಕವಿತೆಯವನು ಬೆಂಚಿನ ಮೇಲೆ ಕೂತೇ ಇರುತ್ತಾನೆ. ಯಾರೂ ಕರೆಯುವುದಿಲ್ಲ. ಎರಡನ್ನೂ ಹೋಲಿಸಿ, ಯಾವುದು ನಿಜ ಅನ್ನಿಸುತ್ತದೆ, ಏಕೆ ಎಂದು ಬರೆದು ತರಲು ಮಿಸ್ ಹೇಳಿದ್ದರು.

"ನಾನು ಕವಿತೆನೇ ನಿಜ ಅಂತ ಬರೀತೀನಿ."

"ಯಾಕೆ?"

"ಅಪ್ಪನ ಅಂಗಿ ನೋಡಲ್ವಾ? ದಸರಾ ಆದ ಮೇಲೆ ಒಂದಿನಾನೂ ಕೊಳೆ ಆಗಿಲ್ಲ. ನೀನು ಮಾತ್ರ ದಿನಾ ಒಗೀತೀಯ."

ವಾಣಿಯ ಕೈ ನಿಂತಿತು. ಗಂಡ ಭೀಮೇಶ್ ಮಲವಗೊಪ್ಪದ ಕಡೆಯ ಒಂದು ಎರಕದ ಕಾರ್ಖಾನೆಯಲ್ಲಿ ಬದಲಿ ಆಳು. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಸೈಕಲ್ಲಿನಲ್ಲಿ ಹೋಗಿ ಗೇಟಿನ ಬಳಿ ಕೂರಬೇಕು. ಕಾಯಂ ನೌಕರರು ಯಾರಾದರೂ ಬರದಿದ್ದರೆ ಮೇಸ್ತ್ರಿ ಒಳಗೆ ಕರೆಯುತ್ತಾನೆ. ಕರೆದ ದಿನ ಅಂಗಿ ನೆನೆಸಿದ ಬಕೆಟ್ಟಿನ ತಳದಲ್ಲಿ ಎರಕದ ಅಚ್ಚಿನ ಕರಿ ಮರಳು ನಿಲ್ಲುತ್ತಿತ್ತು. ಈಗ ಕರೆಯುತ್ತಲೇ ಇಲ್ಲವೆಂಬುದು ಮಗಳಿಗೆ ತಿಳಿಯಬಾರದೆಂದು ಅವನು ಸಂಜೆಯವರೆಗೂ ಅಲ್ಲೇ ಇದ್ದು ಬರುತ್ತಿದ್ದ. ವಾಣಿ ಕೊಳೆಯಾಗದ ಅಂಗಿಯನ್ನು ಒಗೆದು ತಂತಿಗೆ ಹಾಕುತ್ತಿದ್ದಳು.

"ಬೆವರಿರುತ್ತಲ್ಲ ಮಾರಾಯ್ತಿ," ಎಂದಳು.

ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ಭೀಮೇಶ್ ಎಷ್ಟು ಹೊತ್ತಿನಿಂದ ನಿಂತಿದ್ದನೋ. ಒಳಗೆ ಬಂದು, ಬುತ್ತಿ ಡಬ್ಬಿ ಇಟ್ಟು, ಮಗಳ ಪಕ್ಕದಲ್ಲಿ ಕೂತು ಎರಡನ್ನೂ ಕನ್ನಡದಲ್ಲಿ ಹೇಳಿಸಿಕೊಂಡ. ಕೆಸರಲ್ಲಿ ಜಾರುವುದನ್ನು ಮಾತ್ರ ಇನ್ನೊಮ್ಮೆ ಹೇಳು ಎಂದ.

"ಕಥೆ ಚೆನ್ನಾಗಿದೆ ಪುಟ್ಟಿ. ಅದನ್ನೇ ಬರಿ."

"ಯಾವುದು ಚೆನ್ನಾಗಿದೆ ಅಂತ ಕೇಳಿಲ್ಲ ಅಪ್ಪ. ಯಾವುದು ನಿಜ ಅಂತ ಕೇಳಿದಾರೆ."

ಅವನು ತಲೆಯಾಡಿಸಿದ. ಉತ್ತರ ಯಾವತ್ತು ಕೊಡಬೇಕು ಎಂದು ಕೇಳಿದ. ನಾಡಿದ್ದು ಎಂದಳು. ಹಾಗಾದರೆ ನಾಳೆ ಬರೆದರಾಯಿತು ಬಿಡು ಎಂದು ಎದ್ದು ಕೈಕಾಲು ತೊಳೆಯಲು ಹೋದ.

ಮರುದಿನ ಸಂಜೆ ಅಂಗಿಯನ್ನು ಮೊದಲು ನೋಡಿದವಳು ಮೈತ್ರಿಯೇ. ಹೊಟ್ಟೆಯ ಹತ್ತಿರ ಅಂಗೈಯಗಲ ಕಪ್ಪು. ಅಪ್ಪನನ್ನು ಕರೆದಿದ್ದಾರೆ ಎಂದು ಅಮ್ಮನಿಗೆ ಹೇಳಲು ಓಡಿಬಂದಳು. ಭೀಮೇಶ್ ಬನಿಯನ್ನಿನಲ್ಲಿ ಕೂತು, ಇವತ್ತು ಒಳಗೆ ಎಷ್ಟು ಸೆಕೆ ಇತ್ತು, ಮೇಸ್ತ್ರಿ ಹೇಗೆ ಕೂಗಾಡಿದ ಎಂದೆಲ್ಲ ಹೇಳಿದ. ಕೇಳದಿದ್ದುದನ್ನೂ ಹೇಳಿದ. ವಾಣಿಯ ಕಡೆ ಮಾತ್ರ ನೋಡಲಿಲ್ಲ.

ಹಿತ್ತಿಲಲ್ಲಿ ವಾಣಿ ಅಂಗಿಯನ್ನು ಬಕೆಟ್ಟಿನಲ್ಲಿ ಅದ್ದಿ ಎತ್ತಿದಳು. ನೀರು ತಿಳಿಯಾಗಿಯೇ ಇತ್ತು. ತಳದಲ್ಲಿ ಒಂದು ಕಾಳು ಮರಳೂ ಇರಲಿಲ್ಲ. ಕಲೆಯನ್ನು ಒಗೆಯುವ ಕಲ್ಲಿನ ಮೇಲೆ ಹರಡಿದಳು. ಬರೀ ಎಣ್ಣೆ. ಅದರ ಒಂದು ಅಂಚಿನಲ್ಲಿ ಸೈಕಲ್ ಚೈನಿನ ಕೊಂಡಿಗಳು ಒಂದರ ಪಕ್ಕ ಒಂದು ಅಚ್ಚೊತ್ತಿದ್ದವು.

"ಅಮ್ಮ, ಕಥೆನೇ ನಿಜ ಅಂತ ಬರೀಲಾ?" ಒಳಗಿನಿಂದ ಮೈತ್ರಿ ಕೇಳಿದಳು.

"ಬರಿ ಮಗಳೇ."

ಅವಳು ಹೊರಗೆ ಬರುವ ಮೊದಲು ವಾಣಿ ಆ ಕೊಂಡಿಗಳನ್ನು ಹೆಬ್ಬೆರಳಿನಿಂದ ತಿಕ್ಕಿ ತಿಕ್ಕಿ ಕಲೆಯೊಳಗೆ ಸೇರಿಸಿದಳು. ಆಮೇಲೆ ಕಲೆಯೊಂದನ್ನು ಬಿಟ್ಟು ಉಳಿದ ಅಂಗಿಗೆಲ್ಲ ಸೋಪು ಹಚ್ಚಿದಳು.