ವಾರದ ಉತ್ತಮ ಪತ್ರ

‘ಕಚೇರಿ, ಹೋಟೆಲು, ಬಾರುಗಳಲ್ಲಿ ಧೂಮಪಾನ ನಿಷೇಧಿಸಬೇಕೆ? ನಿಮ್ಮ ಅಭಿಪ್ರಾಯ ಬರೆಯಿರಿ’ ಎಂದು ಪತ್ರಿಕೆ ಕೇಳಿದ್ದೇ ತಡ, ಜನ ಚೀಲಗಟ್ಟಲೆ ಬರೆದು ಕಳಿಸಿದರು. ಅದನ್ನೆಲ್ಲ ಒಡೆದು, ಓದಿ, ವಿಂಗಡಿಸುವ ಕೆಲಸ ಉಪಸಂಪಾದಕಿಯ ತಲೆಗೆ ಬಿತ್ತು. ಅವಳ ಮೇಜು ಇದ್ದದ್ದು ಸಂಪಾದಕರ ಕೋಣೆಯಲ್ಲೇ, ಅವರಿಗೆ ಎದುರಾಗಿ. ಸಂಪಾದಕರು ದಿನಕ್ಕೆ ಎರಡು ಪ್ಯಾಕು ಸಿಗರೇಟು ಸುಡುವವರು. ಬೆನ್ನ ಹಿಂದೆ ಅವರನ್ನು ಹೊಗೆಬಂಡಿ ಎನ್ನುತ್ತಿದ್ದ ಸಿಬ್ಬಂದಿ, ಎದುರಿಗೆ ಬಂದಾಗ ಕೆಮ್ಮನ್ನೂ ನುಂಗಿಕೊಳ್ಳುತ್ತಿದ್ದರು.

ಪತ್ರಗಳು ಮೂರು ರಾಶಿಯಾದವು. ನಿಷೇಧ ಬೇಕು ಎನ್ನುವವು ಒಂದು, ಬೇಡ ಎನ್ನುವವು ಇನ್ನೊಂದು, ಹೋದ ವರ್ಷ ಕಳಿಸಿದ ನನ್ನ ಕವನ ಏನಾಯಿತು ಎಂದು ಕೇಳುವವು ಮೂರನೆಯದು.

“ಬೇಕು ಅನ್ನೋರು ಮುನ್ನೂರ ಹನ್ನೆರಡು ಸರ್. ಬೇಡ ಅನ್ನೋರು ನಲವತ್ತೊಂದು.”

“ಹಾಗಾದ್ರೆ ‘ಜನಾಭಿಪ್ರಾಯ ಇಬ್ಭಾಗ’ ಅಂತ ತಲೆಬರಹ ಕೊಡಿ. ಎರಡೂ ಕಡೆಯಿಂದ ಹತ್ತು ಹತ್ತು ಹಾಕಿ. ಪತ್ರಿಕೆ ಅಂದ್ಮೇಲೆ ನಿಷ್ಪಕ್ಷಪಾತ ಇರ್ಬೇಕು ನೋಡಿ,” ಎಂದ ಸಂಪಾದಕರು ಹೊಗೆಯನ್ನು ಮಾತ್ರ ಒಂದೇ ಪಕ್ಷಕ್ಕೆ, ಅವಳ ಮುಖಕ್ಕೆ, ಬಿಟ್ಟರು. ಅವಳು ಎದ್ದು ಕಿಟಕಿ ತೆರೆದಳು. ಗಾಳಿಗೆ ನಾಲ್ಕು ಹಾಳೆ ಎದ್ದವು.

“ಅಯ್ಯಯ್ಯೋ, ಜನಾಭಿಪ್ರಾಯ ಹಾರಿಹೋಗುತ್ತೆ, ಮುಚ್ಚಿ ಮುಚ್ಚಿ!”

ತಿಂಗಳಿಂದ ಬಿಡದ ಕೆಮ್ಮಿಗೆ ಅವಳು ಆ ಸಂಜೆ ಡಾಕ್ಟರ ಬಳಿ ಹೋದಳು. “ಎಷ್ಟು ವರ್ಷದಿಂದ ಸೇದ್ತಾ ಇದೀರಿ?” ಎಂದರು ಅವರು. ಸೇದೋದಿಲ್ಲ ಎಂದಳು. “ಎಲ್ಲರೂ ಹಾಗೇ ಹೇಳ್ತಾರೆ,” ಎಂದು ನಕ್ಕು, ಚೀಟಿಯಲ್ಲಿ ಏನೋ ಗೀಚಿದರು. ಮನೆಗೆ ಬಂದರೆ ಮಗಳು ಓಡಿಬಂದು ಎರಡು ಮಾರು ದೂರದಲ್ಲೇ ನಿಂತು, ಮೂಗು ಮುಚ್ಚಿಕೊಂಡಳು.

ಮರುದಿನ ಎಲ್ಲರೂ ಊಟಕ್ಕೆ ಎದ್ದಾಗ ಅವಳು ಕಂಪ್ಯೂಟರಿನಲ್ಲಿ ಒಂದು ಪತ್ರ ಟೈಪು ಮಾಡಿದಳು. ಡಾಕ್ಟರು ನಂಬದ್ದು, ಮಗಳು ಮೂಗು ಮುಚ್ಚಿಕೊಂಡದ್ದು, ಎದುರು ಮೇಜಿನ ಯಜಮಾನರು, ಒಂದನ್ನೂ ಬಿಡಲಿಲ್ಲ. ಕೆಳಗೆ ‘ಇಂತಿ, ಕೆಲಸ ಬಿಡಲಾಗದ ಒಬ್ಬಳು’ ಎಂದು ಸೇರಿಸಿ, ಆಯ್ದಿಟ್ಟ ಹತ್ತರ ಮೇಲಿಟ್ಟಳು. ಓದಿದರೆ ಅವರಿಗೆ ಗೊತ್ತಾಗದೆ ಇರದು, ಆದದ್ದಾಗಲಿ ಎಂದುಕೊಂಡಳು.

ಸಂಪಾದಕರು ಪತ್ರವನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅದು ಮರುಕವೋ ಹೊಗೆಯೋ ಹೇಳುವುದು ಕಷ್ಟ.

“ಏನಮ್ಮಾ, ಇದನ್ನ ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ? ಇದೇ ವಾರದ ಉತ್ತಮ ಪತ್ರ! ಬಾಕ್ಸ್ ಕಟ್ಟಿ ಎಲ್ಲಕ್ಕಿಂತ ಮೇಲೆ ಹಾಕಿ. ಎಂತೆಂಥ ಯಜಮಾನರಿರ್ತಾರೆ ನೋಡಿ, ಎದುರಿಗೆ ಒಂದು ಜೀವ ಕೂತಿದೆ ಅನ್ನೋ ಪರಿವೆ ಬೇಡ್ವಾ? ಕಟುಕ!” ಹಳೆಯ ಸಿಗರೇಟಿನ ತುದಿಯಿಂದಲೇ ಹೊಸದನ್ನು ಹೊತ್ತಿಸಿಕೊಂಡು, “ಇಂಥವನ ಕೈಕೆಳಗೆ ಆ ಹೆಣ್ಣುಮಗಳು ಹೇಗೆ ಕೆಲ್ಸ ಮಾಡ್ತಾಳೋ, ಪಾಪ!” ಎಂದರು.

“ಹೇಗೋ ಮಾಡ್ತಾ ಇದೀನಿ ಸರ್,” ಎಂದಳು ಅವಳು.

ಸಂಪಾದಕರು ಪತ್ರ ನೋಡಿದರು, ಅವಳನ್ನು ನೋಡಿದರು, ಬೆರಳ ಸಂದಿಯ ಸಿಗರೇಟು ನೋಡಿದರು. ಅವರ ಕೈ ಬೂದಿಬಟ್ಟಲಿನ ಕಡೆ ಸರಿಯಿತು. ಹೊಸಕಿಬಿಡುತ್ತಾರೆ ಎಂದೇ ಅವಳು ನಂಬಿದಳು. ಐದು ವರ್ಷದಲ್ಲಿ ಮೊದಲ ಸಲ ಆ ಕೋಣೆಯಲ್ಲಿ ಎದೆತುಂಬ ಉಸಿರೆಳೆದುಕೊಳ್ಳಲು ಸಿದ್ಧಳಾದಳು.

ಸಂಪಾದಕರು ಬೂದಿ ಕೊಡವಿದರು, ಅಷ್ಟೆ. ಕೆಂಪು ಪೆನ್ನು ತೆಗೆದು, ಪತ್ರದ ಈ ಮೂಲೆಯಿಂದ ಆ ಮೂಲೆಗೆ ಒಂದು ಗೆರೆ ಎಳೆದರು.

“ಮೊದ್ಲೇ ಹೇಳಬಾರ್ದಾಗಿತ್ತಾ?” ಎಂದರು, ತುಂಬ ಅಕ್ಕರೆಯಿಂದ. “ಇದು ಜನಾಭಿಪ್ರಾಯ ಕಣಮ್ಮಾ. ನೀವು ನಮ್ಮೋರು, ಜನ ಹೇಗಾಗ್ತೀರಿ?”