ಗೋಡೆಗೆ ಕೂರಿಸಿದ ಹೊತ್ತು

"ಮಲಗಪ್ಪಾ ತಾಯಪ್ಪ. ಅವತ್ತು ಎಲ್ಲಿ ಬಿದ್ದಿದ್ದಿ, ಅಲ್ಲೇ ಮಲಗು," ಎಂದರು ವೆಂಕೋಬ ಡಾಕ್ಟರು, ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು.

ತಾಯಪ್ಪ ಪಂಪ್‌ಸೆಟ್ಟಿನ ಕೋಣೆಯ ಮುಂದೆ ಟವೆಲ್ ಹಾಸಿ, ಹಬ್ಬದೂಟ ಉಂಡವನ ಹಾಗೆ ಅಂಗಾತ ಬಿದ್ದುಕೊಂಡ. "ಕಣ್ಣು ಮುಚ್ಚಲೇನ್ರೀ ಸಾಹೇಬ್ರ?"

"ಮುಚ್ಚು."

"ಬಾಯಿ?"

"ಅದನ್ನ ಮೊದಲು ಮುಚ್ಚು," ಎಂದಳು ಬದುವಿನ ಮೇಲೆ ಕೂತಿದ್ದ ಸೂಲಗಿತ್ತಿ ಲಾಲ್‌ಬೀ.

ಎರಡು ವರ್ಷದ ಹಿಂದೆ, ಎಂಬತ್ತೊಂಬತ್ತರ ಮಳೆಗಾಲದಲ್ಲಿ, ಒದ್ದೆಗೈಲಿ ಸ್ಟಾರ್ಟರ್ ಮುಟ್ಟಿದ ತಾಯಪ್ಪನಿಗೆ ಕರೆಂಟ್ ಹೊಡೆದು ಉಸಿರೂ ನಾಡಿಯೂ ನಿಂತಿದ್ದವು. ಸಾಲಗುಂದದಲ್ಲಿ ಹೆರಿಗೆ ಮಾಡಿಸಿ ಕಾಲುವೆ ದಂಡೆ ಹಿಡಿದು ಜವಳಗೇರಾಕ್ಕೆ ಮರಳುತ್ತಿದ್ದ ಲಾಲ್‌ಬೀ ಓಡಿಬಂದಳು. ಉಸಿರಾಡದ ಕೂಸಿಗೆ ಮಾಡುವಂತೆಯೇ ಎದೆ ಒತ್ತಿ, ಬಾಯಿಗೆ ಊದಿ, ಹೋದ ಜೀವವನ್ನು ತಿರುಗಿಸಿದಳು. ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯಲ್ಲಿ ಎಲ್ಲಿ ಯಾರ ಎದೆ ಬಡಿತ ತಟ್ಟನೆ ನಿಂತರೂ ಡಾಕ್ಟರು ಹನ್ನೊಂದು ವರ್ಷದಿಂದ ಮೋಟಾರ್‌ಸೈಕಲ್ಲಿನಲ್ಲಿ ಹೋಗಿ, ಯಾರು ಏನು ಮಾಡಿದರು, ಎಷ್ಟು ನಿಮಿಷಕ್ಕೆ ಮಾಡಿದರು ಎಂದು ಕೇಳಿ ಬರೆದುಕೊಳ್ಳುತ್ತಿದ್ದರು. ಅವರ ಪುಸ್ತಕದಲ್ಲಿ ಅರವತ್ಮೂರು ಹೆಸರುಗಳಿದ್ದವು. ಅರವತ್ತೆರಡು ಮನೆಗಳಲ್ಲಿ ಅವರು ಅಳುವವರ ನಡುವೆ ಕೂತು ಬಂದಿದ್ದರು. ಅರವತ್ಮೂರನೆಯವ ಈಗ ಟವೆಲ್ಲಿನ ಮೇಲೆ ನಗು ತಡೆದುಕೊಂಡು ಮಲಗಿದ್ದ.

"ಬಿದ್ದ ಮ್ಯಾಲೆ ಮೊದಲು ಬಂದವರು ಯಾರು?"

"ನಮ್ಮಣ್ಣ ರೀ. ಮುಂದಿಂದು ನನಗೊತ್ತಿಲ್ಲ, ನಾ ಸತ್ತಿದ್ದೆ."

ಬೇವಿನ ಮರದ ಕೆಳಗೆ ಮುಖ ತಿರುವಿ ನಿಂತಿದ್ದ ಅಣ್ಣ ಪಕೀರಪ್ಪ ಅಲ್ಲಿಂದಲೇ ಹೇಳಿದ: "ಅದೆಲ್ಲ ಯಾಕ್ರೀ? ಗುರುಗುಂಟಿ ಅಮರೇಶ್ವರ ಎಬ್ಬಿಸ್ಯಾನ. ಹಂಗಂತ ಬರ್ಕೊಳ್ರಿ."

ಡಾಕ್ಟರು ವಾಚು ಹಿಡಿದ ಕೈಯನ್ನೇ ಹಣೆಗೆ ಮುಟ್ಟಿಸಿ ದೇವರಿಗೆ ನಮಸ್ಕರಿಸಿದರು. "ಎಬ್ಬಿಸಿದವ ಅವನೇ ಯಜಮಾನ್ರ. ಎಷ್ಟು ನಿಮಿಷಕ್ಕ ಎಬ್ಬಿಸಿದ ಅನ್ನೋದನ್ನ ಅಷ್ಟೇ ನಾ ಬರೀತೀನಿ."

"ಹಂಗಾರ ಇಕಿ ಮಾಡಿದ್ದೂ ಬರೀರಿ! ನಮ್ಮ ತಮ್ಮನ್ನ ಕಾಲು ಹಿಡಿದು ಎಮ್ಮಿಕರ ಎಳದಂಗ ಎಳದಾಳ. ಸತ್ತವರಿಗೆ ಕೊಡೋ ಮರ್ಯಾದಿ ಏನ್ರೀ ಅದು?"

"ಸತ್ತಿದ್ದಿಲ್ಲಲ್ಲೋ ಮಾರಾಯಾ!" ಲಾಲ್‌ಬೀ ನಕ್ಕಳು. "ಎಳಿಸಿಕೊಂಡವಗ ಇಲ್ಲದ ಸಿಟ್ಟು ನಿನಗ್ಯಾಕ?"

ಎರಡು ವರ್ಷದಿಂದ ಪಕೀರಪ್ಪ ಅವಳೊಡನೆ ಮಾತು ಬಿಟ್ಟಿದ್ದ.

"ಎಳದ್ಲು ಸರಿ, ಎಲ್ಲಿಂದ ಎಳದ್ಲು?" ಡಾಕ್ಟರು ಮೆಲ್ಲಗೆ ಕೇಳಿದರು. "ಬಿದ್ದವ ನೆಲದ ಮ್ಯಾಲೇ ಇದ್ದನಲ್ಲ?"

ಲಾಲ್‌ಬೀ ತಲೆ ತಗ್ಗಿಸಿ ಗರಿಕೆ ಕೀಳತೊಡಗಿದಳು. ಅವಳು ಊರಲ್ಲಿ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತು ಅದು.

"ಗ್ವಾಡಿಯಿಂದ," ಎಂದ ಪಕೀರಪ್ಪ ಕಡೆಗೆ. "ನಾನಽ ಗ್ವಾಡಿಗೆ ಆನಿಸಿ ಕುಂದ್ರಿಸಿದ್ದೆ ರೀ. ಮೂಗಿಗೆ ಬಟ್ಟು ಹಿಡಿದೆ, ಉಸಿರಿದ್ದಿಲ್ಲ. ನಮ್ಮ ಮಂದ್ಯಾಗ ಹೋದವರನ್ನ ಕುಂದ್ರಸ್ತಾರ. ಹಂಗಽ ಕುಂದ್ರಿಸಿ, ವಿಭೂತಿ ಹಚ್ಚಬೇಕಂತ..." ಅವನು ಮೊದಲ ಸಲ ತಮ್ಮನ ಕಡೆ ತಿರುಗಿದ. "ನಮ್ಮವ್ವ ಸಾಯೋ ಮುಂದ ಇವನ ಕೈ ನನ್ನ ಕೈಯಾಗ ಇಟ್ಟಿದ್ಲು. ನಾನಽ ಇವನ್ನ ಹೋದ ಅಂದ್ಬಿಟ್ಟೆ."

ತಾಯಪ್ಪ ಒಂದು ಕಣ್ಣು ತೆರೆದು ಅಣ್ಣನನ್ನು ನೋಡಿ, ಮತ್ತೆ ಮುಚ್ಚಿದ.

ಡಾಕ್ಟರು ಪಕೀರಪ್ಪನ ಬಳಿ ಹೋಗಿ ನಿಂತರು. "ನಾ ನೋಡಿದ ಮನಿಗಳಾಗ ಅರ್ಧಕ್ಕರ್ಧ ಮಂದಿ ಹಂಗಽ ಕುಂದ್ರಿಸ್ಯಾರ್ರೀ. ಪ್ರೀತೀಲೇ ಕುಂದ್ರಿಸ್ಯಾರ. ಆದ್ರ ಎದಿ ನಿಂತವರನ್ನ ಕುಂದ್ರಿಸಿದ್ರ ತಲಿಗೆ ರಕ್ತ ಏರಂಗಿಲ್ಲ. ಎಷ್ಟು ಹೊತ್ತಿನೊಳಗ ಮಲಗಿಸಿದ್ರ ಜೀವ ಉಳೀತದ? ಇದನ್ನ ಹೇಳಾಕ ಈ ಮೂರೂ ಸೀಮಿಯೊಳಗ ನನಗ ನೀವೊಬ್ರೇ ಇದ್ದೀರಿ. ಅವತ್ತು ಕುಂದ್ರಿಸಿದಂಗ ಒಮ್ಮಿ ಕುಂದ್ರಿಸ್ರಿ. ಲಾಲ್‌ಬೀ ಆ ದಂಡಿಯಿಂದ ಓಡಿ ಬರಲಿ. ನಾ ನಿಮಿಷ ಎಣಿಸ್ತೀನಿ."

"ಮೊದಲಿನಂಗ ಓಡಾಕ ಮೊಣಕಾಲು ಬರಂಗಿಲ್ರೀ," ಎಂದಳು ಲಾಲ್‌ಬೀ, ಸೆರಗು ಸಿಕ್ಕಿಸಿಕೊಳ್ಳುತ್ತಾ.

"ವಯಸ್ಸಾಗಿದ್ದನ್ನ ಕಳೆದು ಬರೀತೀನಿ, ನಡಿ."

ಅವಳು ದಂಡೆ ಹತ್ತಿ ಅತ್ತ ಮುಟ್ಟಿದ ಮೇಲೆ ಡಾಕ್ಟರು ವಾಚು ಒತ್ತಿದರು. ಪಕೀರಪ್ಪ ಮೊಣಕಾಲೂರಿ ತಮ್ಮನ ಕಂಕುಳಿಗೆ ಕೈ ಹಾಕಿ ಎತ್ತಿದ. ತಾಯಪ್ಪ ತನ್ನ ಪಾತ್ರವನ್ನು ಬಹಳ ಶ್ರದ್ಧೆಯಿಂದ ಮಾಡುತ್ತಿದ್ದ. ಮೈಯೆಲ್ಲ ಭಾರ ಬಿಟ್ಟು ಕತ್ತನ್ನು ಒಂದು ಪಕ್ಕಕ್ಕೆ ವಾಲಿಸಿದ. ವಾಲಿದ ಆ ಕತ್ತನ್ನು ಕಂಡದ್ದೇ ಪಕೀರಪ್ಪ ತಮ್ಮನನ್ನು ಮೆತ್ತಗೆ ಮರಳಿ ನೆಲಕ್ಕೆ ಒರಗಿಸಿಬಿಟ್ಟ.

"ಯಾಕಣ್ಣಾ, ಎತ್ತಾಕ ಆಗವಲ್ದೇನು? ತಡಿ, ನಾನಽ ಕುಂದ್ರತೀನಿ," ಎಂದು ತಾಯಪ್ಪ ಏಳಹೊರಟ.

"ಬಿದ್ದಿರಲೇ ಸುಮ್ಕ!" ಪಕೀರಪ್ಪ ಕೂಗಿದ. ಒಂದರ ಮೇಲೊಂದು ಕೈಯಿಟ್ಟು, ತಮ್ಮನ ಎದೆಯನ್ನು ನೆಲಕ್ಕೆ ಅದುಮಿ ಹಿಡಿದ. "ಏಳಬ್ಯಾಡ. ನಾ ಇನ್ನ ಕುಂದ್ರಸಂಗಿಲ್ಲ ನಿನ್ನ. ಸಾಹೇಬ್ರು ಬರ್ಕೊಂಡ್ರ ಬರ್ಕೊಳ್ಲಿ, ಬಿಟ್ರ ಬಿಡ್ಲಿ." ಅವನ ಕಣ್ಣೀರು ತಮ್ಮನ ಗದ್ದದ ಮೇಲೆ ಬೀಳುತ್ತಿತ್ತು.

ಲಾಲ್‌ಬೀ ಏದುಸಿರು ಬಿಡುತ್ತಾ ಬಂದು ತಲೆದೆಸೆಯಲ್ಲಿ ನಿಂತಳು. ಪಕೀರಪ್ಪನ ಮುಖ ನೋಡಿದಳು. ಆಮೇಲೆ ಅವನ ಎರಡು ಕೈಗಳನ್ನು ನೋಡಿದಳು.

"ಎದಿ ಒತ್ತೋ ಜಾಗ ಬರೋಬ್ಬರಿ ಹಿಡದೀ ನೋಡು," ಎಂದಳು. "ಮೊಣಕೈ ಒಂದಿಷ್ಟು ನೆಟ್ಟಗ ಮಾಡು."